ಕುಡಿಯುವವರ ಹತ್ತಿರ ಯಾವಾಗ, ಹೇಗೆ ಮಾತಾಡಬೇಕು



ಹೋದ ಸಲ ಬಿ.ಪಿ. ಮಾತ್ರೆ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಮೆಸೇಜುಗಳಲ್ಲಿ ಸುಮಾರು ಅರ್ಧ ಬೇರೆಯೇ ವಿಷಯದ್ದು. ಅವು ಗ್ರೂಪಿಗೆ ಬರಲಿಲ್ಲ, ನೇರವಾಗಿ ನನ್ನ ನಂಬರಿಗೆ ಬಂದವು. ಬರೆದವರು ಹೆಚ್ಚಿನವರು ಹೆಂಗಸರು, ಇಬ್ಬರು ಕಾಲೇಜಿಗೆ ಹೋಗುವ ಮಕ್ಕಳು. ಎಲ್ಲರ ಪ್ರಶ್ನೆ ಒಂದೇ: "ನಮ್ಮವರು ಕುಡೀತಾರ. ಅವರಿಗೆ ಹ್ಯಾಂಗ ಹೇಳಬೇಕು?" ಗ್ರೂಪಿನಲ್ಲಿ ಕೇಳಲು ನಾಚಿಕೆ. ಊರಿಗೆ ಫೋನು ಮಾಡಿ ಹೇಳಿದರೆ ತವರಿನವರಿಗೆ ಚಿಂತೆ, ಅತ್ತೆ ಮನೆಯವರಿಗೆ ಸಿಟ್ಟು. ಪಕ್ಕದ ಮನೆಯವರ ಹತ್ತಿರ ಹೇಳೋಣವೆಂದರೆ ತೆಲುಗು ಅಷ್ಟು ಬರುವುದಿಲ್ಲ. ಹಾಗಾಗಿ ಇಲ್ಲೇ ಬರೆಯುತ್ತೇನೆ, ಬೇಕಾದವರು ಸದ್ದಿಲ್ಲದೆ ಓದಿಕೊಳ್ಳಲಿ.

ಕಳೆದ ತಿಂಗಳು ಸಂಜೆ ನಾಚಾರಂನ ನನ್ನ ಕ್ಲಿನಿಕ್ಕಿಗೆ ಯಾದಗಿರಿ ಕಡೆಯ ದಂಪತಿ ಬಂದಿದ್ದರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಗಂಡನಿಗೆ ಇಲ್ಲಿಯ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಲ್ಲಿ ಕೆಲಸ. ಎದೆ ಡವಡವ ಅನ್ನುತ್ತದೆ ಎಂದು ಬಂದಿದ್ದರು. ಅವರನ್ನು ಇಸಿಜಿಗೆ ಒಳಗೆ ಕರೆದುಕೊಂಡು ಹೋದ ಕೂಡಲೇ ಆ ತಾಯಿ ಕುರ್ಚಿ ಮುಂದಕ್ಕೆ ಎಳೆದುಕೊಂಡು ಮೆಲ್ಲಗೆ ಹೇಳಿದರು: "ಡಾಕ್ಟ್ರೇ, ಖರೇನೋ ಸುಳ್ಳೋ ಏನರೆ ಹೇಳ್ರಿ. ಇನ್ನ ಆರು ತಿಂಗಳದಾಗ ಹೋಗ್ತೀರಿ ಅಂತ ಹೇಳ್ರಿ. ಅಂಜಿದ್ರ ಬಿಡ್ತಾರ."

ನಾನು ಹಾಗೆ ಹೇಳಲಿಲ್ಲ. ಸುಳ್ಳು ಹೇಳಬಾರದು ಎಂಬುದು ಒಂದು ಕಾರಣ. ಹೆದರಿಸಿದರೆ ಅದು ಕೆಲಸ ಮಾಡುವುದಿಲ್ಲ ಎಂಬುದು ಇನ್ನೂ ದೊಡ್ಡ ಕಾರಣ. ಅಂಜಿದ ಮನುಷ್ಯ ಮೊದಲು ಹುಡುಕುವುದು ಅಂಜಿಕೆ ಮರೆಸುವ ವಸ್ತುವನ್ನು. ಕುಡಿತಕ್ಕೆ ಬಿದ್ದವನಿಗೆ ಅದು ಎಲ್ಲಿ ಸಿಗುತ್ತದೆ ಎಂದು ಗೊತ್ತು. ಡ್ಯೂಟಿ ಮುಗಿಸಿ ಮನೆಗೆ ಬರುವ ದಾರಿಯಲ್ಲೇ ವೈನ್ ಶಾಪು, ಅದಕ್ಕೆ ಅಂಟಿಕೊಂಡೇ ಪರ್ಮಿಟ್ ರೂಮು.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ತಪ್ಪು ಮಾಡಿ ಕಲಿತದ್ದು.

ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಬಹಳ ವರ್ಷ ಹೈದರಾಬಾದಿನಲ್ಲೇ ಕೆಲಸ ಮಾಡಿದವರು. ಕಲಬುರಗಿಯ ಮನೆಯಲ್ಲಿ ಒಂದು ದಸರೆಗೆ ಎಲ್ಲರೂ ಸೇರಿದ್ದೆವು. ನಾನು ಆಗಷ್ಟೇ ಎಂ.ಡಿ. ಮುಗಿಸಿದ್ದೆ, ತಲೆಯಲ್ಲಿ ಓದಿನ ಬಿಸಿ. ಊಟಕ್ಕೆ ಮುಂಚೆ ದೊಡ್ಡವರೆಲ್ಲ ಜಗಲಿಯಲ್ಲಿ ಕೂತು ಕಾಕಾನನ್ನು ನಡುವೆ ಕೂಡಿಸಿದರು. ಅಪ್ಪ ಬೈದರು. ಸೋದರತ್ತೆ ಅತ್ತರು. ನಾನು ಅವರ ಲಿವರ್ ರಿಪೋರ್ಟ್ ತೆಗೆದು, ಯಾವ ಸಂಖ್ಯೆ ಎಷ್ಟಿರಬೇಕು, ಎಷ್ಟಾಗಿದೆ ಎಂದು ಎಲ್ಲರ ಮುಂದೆ ಓದಿದೆ. ಕಾಕಾನ ಮಕ್ಕಳೂ ಅಲ್ಲೇ ನಿಂತಿದ್ದರು. ಕೊನೆಗೆ ದೇವರ ಮುಂದೆ ಆಣೆ ಮಾಡಿಸಿದೆವು. ಕಾಕಾ ಒಂದೂ ಮಾತಾಡಲಿಲ್ಲ. ಊಟ ಬಿಟ್ಟು ಎದ್ದು ಬಸ್‌ಸ್ಟ್ಯಾಂಡಿಗೆ ಹೋದರು. ಆಮೇಲೆ ಎರಡು ವರ್ಷ ನನ್ನ ಫೋನು ಎತ್ತಲಿಲ್ಲ. ಆ ಎರಡು ವರ್ಷದಲ್ಲಿ ಅವರು ಕುಡಿದದ್ದು ಅದಕ್ಕಿಂತ ಮುಂಚಿನ ಹತ್ತು ವರ್ಷಕ್ಕಿಂತ ಹೆಚ್ಚು ಎಂದು ಕಾಕು ಹೇಳುತ್ತಾರೆ.

ನಾವು ಮಾಡಿದ್ದು ಪ್ರೀತಿಯಿಂದಲೇ. ಆದರೆ ನಡೆದದ್ದು ಮಾತುಕತೆ ಆಗಿರಲಿಲ್ಲ, ಪಂಚಾಯ್ತಿ ಆಗಿತ್ತು. ಪಂಚಾಯ್ತಿಯಲ್ಲಿ ಕೂತವನಿಗೆ ತಪ್ಪೊಪ್ಪಿಗೆ ಇಲ್ಲವೇ ಜಗಳ, ಎರಡೇ ದಾರಿ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ವಿಲಿಯಂ ಮಿಲ್ಲರ್, ರಾಬರ್ಟ್ ಮೇಯರ್ಸ್ ಮತ್ತು ಅವರ ಜೊತೆಗಾರರು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮನೆಯಲ್ಲಿ ಒಬ್ಬರು ಕುಡಿಯುತ್ತಾರೆ, ಚಿಕಿತ್ಸೆಗೆ ಬರಲು ಒಪ್ಪುವುದಿಲ್ಲ. ಅಂಥ 130 ಜನರ ಮನೆಯವರನ್ನು ಮೂರು ಗುಂಪು ಮಾಡಿದರು. ಮೊದಲನೆಯ ಗುಂಪಿಗೆ 'ಅವರನ್ನು ಬದಲಿಸಲು ಹೋಗಬೇಡಿ, ನಿಮ್ಮ ಮನಸ್ಸು ಗಟ್ಟಿ ಮಾಡಿಕೊಳ್ಳಿ' ಎಂಬ ದಾರಿ. ಎರಡನೆಯ ಗುಂಪಿಗೆ ಎಲ್ಲರೂ ಸೇರಿ ಎದುರಿಗೆ ಕೂಡಿಸಿ ಹೇಳುವ ದಾರಿ, ನಮ್ಮ ಜಗಲಿಯ ಪಂಚಾಯ್ತಿಯ ಥರದ್ದೇ. ಮೂರನೆಯ ಗುಂಪಿಗೆ ಮನೆಯವರು ಹೇಗೆ, ಯಾವಾಗ ಮಾತಾಡಬೇಕು, ಕುಡಿಯದ ದಿನ ಏನು ಮಾಡಬೇಕು, ಕುಡಿದ ದಿನ ಏನು ಮಾಡಬಾರದು ಎಂದು ಕಲಿಸಿದರು. ಮೊದಲ ಗುಂಪಿನಲ್ಲಿ ಚಿಕಿತ್ಸೆಗೆ ಬಂದವರು ನೂರಕ್ಕೆ 13. ಎರಡನೆಯದರಲ್ಲಿ 30. ಮೂರನೆಯದರಲ್ಲಿ 64. ಎರಡನೆಯ ಗುಂಪಿನಲ್ಲಿ ಬಹಳಷ್ಟು ಮನೆಯವರು ಆ ಸಭೆ ನಡೆಸಲು ಮನಸ್ಸೇ ಮಾಡಲಿಲ್ಲ ಎಂಬುದನ್ನೂ ಹೇಳಬೇಕು. ಮೊದಲ ದಾರಿಯನ್ನು ನಾನು ಹೀಗಳೆಯುತ್ತಿಲ್ಲ, ಅದರ ಉದ್ದೇಶ ಮನೆಯವರ ನೆಮ್ಮದಿ, ಅದೂ ಬೇಕು.

ಅಂದರೆ ಕುಡಿಯುವವರು ಡಾಕ್ಟರ ಹತ್ತಿರ ಕಾಲಿಡುವ ಮುಂಚೆಯೇ ಮನೆಯ ಒಬ್ಬರು ಬಹಳ ಕೆಲಸ ಮಾಡಬಹುದು. ಒಬ್ಬರು ಸಾಕು. ಗುಂಪು ಬೇಡ.

ಯಾರು ಆ ಒಬ್ಬರು? ಹೆಂಡತಿಯೇ ಆಗಬೇಕೆಂದಿಲ್ಲ. ಅವರ ಮಾತಿಗೆ ಮನೆಯಲ್ಲಿ ಯಾರು ತಿರುಗಿ ನೋಡುತ್ತಾರೋ ಅವರು. ತಂಗಿ ಇರಬಹುದು, ಊರಿನ ಗೆಳೆಯ ಇರಬಹುದು. ಹತ್ತು ವರ್ಷದ ಮಗಳ ಕೈಯಲ್ಲಿ ಮಾತ್ರ ಹೇಳಿಸಬೇಡಿ. "ಅಪ್ಪಾ, ಕುಡೀಬ್ಯಾಡ" ಎಂದು ಮಗುವಿನ ಬಾಯಲ್ಲಿ ಹೇಳಿಸಿ ವಿಡಿಯೊ ಮಾಡಿ ಕಳಿಸುವುದನ್ನು ನೋಡಿದ್ದೇನೆ. ಅಪ್ಪ ಮತ್ತೆ ಕುಡಿದಾಗ ಆ ಮಗು ತನ್ನದೇ ತಪ್ಪೆಂದು ತಿಳಿಯುತ್ತದೆ.

ಯಾವಾಗ? ಕುಡಿದು ಬಂದ ರಾತ್ರಿ ಖಂಡಿತ ಬೇಡ. ಆ ಹೊತ್ತಿಗೆ ಹೇಳಿದ್ದು ತಲೆಗೆ ಹೋಗುವುದಿಲ್ಲ, ಬೆಳಿಗ್ಗೆ ನೆನಪೂ ಇರುವುದಿಲ್ಲ, ಜಗಳ ಮಾತ್ರ ಉಳಿಯುತ್ತದೆ. ರಾತ್ರಿ ಊಟ ಮುಚ್ಚಿಟ್ಟು ಮಲಗಿ. ಮಾತು ಬೆಳಿಗ್ಗೆ. ಅದರಲ್ಲೂ ರಜೆಯ ಬೆಳಿಗ್ಗೆ, ಸ್ನಾನ, ಚಹಾ ಆದ ಮೇಲೆ, ಮಕ್ಕಳು ಹೊರಗೆ ಹೋದ ಮೇಲೆ. ಹತ್ತು ನಿಮಿಷ ಸಾಕು. ಒಂದೇ ರೂಮಿನ ಮನೆಯಾದರೆ ಇಬ್ಬರೂ ತರಕಾರಿಗೆ ಹೊರಟ ನೆಪದಲ್ಲಿ ನಡೆಯುತ್ತಾ ಮಾತಾಡಿ. ಮುಖಕ್ಕೆ ಮುಖ ಕೊಟ್ಟು ಕೂತರೆ ಹೊರಡದ ಮಾತು ಪಕ್ಕಪಕ್ಕ ನಡೆಯುವಾಗ ಹೊರಡುತ್ತದೆ.

ಏನು? ಕಂಡದ್ದನ್ನು ಹೇಳಿ, ತೀರ್ಪು ಹೇಳಬೇಡಿ. "ನೀವು ದಿನಾ ಕುಡೀತೀರಿ, ನಿಮಗ ಮನಿ ಚಿಂತಿ ಇಲ್ಲ" ಎಂಬುದು ತೀರ್ಪು. ಅದಕ್ಕೆ ಅವರ ಉತ್ತರ ಸಿದ್ಧವಿರುತ್ತದೆ: "ಹೋದ ಶನಿವಾರ ಕುಡಿದಿಲ್ಲ, ಪಗಾರ ಎಲ್ಲ ನಿನ್ನ ಕೈಗೇ ಕೊಟ್ಟೀನಿ." ಆಮೇಲೆ ವಾದ. ಕಾಕು ಕೊನೆಗೆ ಹೇಳಿದ ಮಾತು ನನಗೆ ಬಾಯಿಪಾಠ ಆಗಿದೆ. ಒಂದು ಬೆಳಿಗ್ಗೆ ಚಹಾ ಕೊಟ್ಟು ಕಾಕಾನ ಪಕ್ಕ ಕೂತು ಅವರು ಹೇಳಿದ್ದು ಇಷ್ಟೇ: "ನಿನ್ನೆ ರಾತ್ರಿ ಬಚ್ಚಲದಾಗ ಬಿದ್ದಿದ್ರಿ. ಎಬ್ಬಸ್ಲಿಕ್ಕ ನನ್ನ ಕೈಲಿ ಆಗಲಿಲ್ಲ. ಉಸಿರಾಡ್ತೀರೋ ಇಲ್ಲೋ ಅಂತ ಮೂಗಿನ ಹತ್ರ ಕೈ ಇಟ್ಟು ನೋಡ್ದೆ. ನನಗ ಭಾಳ ಅಂಜಿಕಿ ಆತು."

ಇದರಲ್ಲಿ 'ಕುಡಿತ' ಎಂಬ ಪದವೇ ಇಲ್ಲ. ಅಲ್ಲಗಳೆಯಲು ಕಾಕಾನಿಗೆ ಏನೂ ಸಿಗಲಿಲ್ಲ. ಕಾಕು ಏಳನೆಯ ಕ್ಲಾಸು ಓದಿದವರು. ಎಂ.ಡಿ. ಮಾಡಿದ ನನಗೆ ಹೊಳೆಯದ ಮಾತು ಅದು.

ಹೇಳಿದ ಮೇಲೆ ಸುಮ್ಮನಿರಿ. ಇದೇ ಎಲ್ಲಕ್ಕಿಂತ ಕಷ್ಟ. ಅವರು ಏನಾದರೂ ಹೇಳುವವರೆಗೆ ಕಾಯಿರಿ. "ನನಗೂ ಸಾಕಾಗೇದ, ಏನ್ ಮಾಡ್ಲಿ" ಎಂದರೆ "ನಾ ಮೊದಲೇ ಹೇಳಿದ್ದೆ" ಎಂದು ಮುಗಿಬೀಳಬೇಡಿ. "ಯಾವಾಗ ಕುಡೀಬೇಕು ಅನಸ್ತದ?" ಎಂದು ಕೇಳಿ. ಊರು ಬಿಟ್ಟು ಬಂದವರಲ್ಲಿ ಇದಕ್ಕೆ ಬರುವ ಉತ್ತರಗಳು ನನ್ನನ್ನು ಸುಮಾರು ಸಲ ಸುಮ್ಮನಾಗಿಸಿವೆ. ನೈಟ್ ಶಿಫ್ಟ್ ಮುಗಿದ ಮೇಲೆ ನಿದ್ದೆ ಬರುವುದಿಲ್ಲ. ಊರಿನಲ್ಲಿ ತಮ್ಮ ಹೊಲ ಮಾರಿದ, ನನಗೆ ಹೇಳಲಿಲ್ಲ. ಸೂಪರ್‌ವೈಸರ್ ಎಲ್ಲರ ಮುಂದೆ ನನ್ನ ತೆಲುಗನ್ನು ಅಣಕಿಸುತ್ತಾನೆ. ಇವು ಕುಡಿತಕ್ಕೆ ಸಮರ್ಥನೆ ಅಲ್ಲ. ಆದರೆ ಬಾಗಿಲು ಎಲ್ಲಿದೆ ಎಂದು ತೋರಿಸುತ್ತವೆ.

ಮಾತಿನ ಕೊನೆಗೆ ಒಂದೇ ಸಣ್ಣ ಕೆಲಸ ಕೇಳಿ. "ಇನ್ನ ಜೀವಮಾನದಾಗ ಮುಟ್ಟಲ್ಲ ಅನ್ರಿ" ಅಲ್ಲ. "ಬುಧವಾರ ಡಾಕ್ಟ್ರ ಹತ್ರ ಹೋಗೂಣೇನು, ನಾನೂ ಬರ್ತೀನಿ." ಇಷ್ಟು. ಅವರು ಬೇಡ ಎಂದರೆ ಅಲ್ಲಿಗೆ ಬಿಡಿ, ಎರಡು ವಾರದ ಮೇಲೆ ಮತ್ತೆ ಕೇಳಿ. ಕುಡಿಯದೆ ಬಂದ ಸಂಜೆ ಇದ್ದೇ ಇರುತ್ತದಲ್ಲ, ಅವತ್ತು ಅವರಿಗೆ ಇಷ್ಟವಾದದ್ದು ಮಾಡಿ, ಜೊತೆಗೆ ಕೂತು ಉಣ್ಣಿ. ಅವತ್ತೂ ಮುಖ ಗಂಟಿಕ್ಕಿಕೊಂಡರೆ ಕುಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ ಎನ್ನಿಸುತ್ತದೆ.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಇಳಕಲ್ಲಿನ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಊರೂರು ತಿರುಗಿದ್ದನ್ನು ಹಿರಿಯರು ಕಂಡಿರುತ್ತೀರಿ. ಅವರು ಕಾಳು ಕಡಿ ಬೇಡಲಿಲ್ಲ, ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿ ಎಂದು ಬೇಡಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ಕರ್ನಾಟಕದಲ್ಲಿ ವ್ಯಸನಮುಕ್ತಿ ದಿನವಾಗಿ ಆಚರಿಸುತ್ತಾರೆ. ನನಗೆ ಅದರಲ್ಲಿ ಹಿಡಿಸುವುದು ಒಂದು ವಿಷಯ: ಆ ಕಾವಿಗೆ ಬೈಯುವ ಅಧಿಕಾರ ಇತ್ತು, ಆದರೂ ಅದು ಬೇಡುವವನ ಜಾಗದಲ್ಲಿ ನಿಂತಿತು.

ಮಾತಿನಲ್ಲೇನು ಔಷಧಿ ಇದೆ ಎನ್ನುವವರಿಗೆ ಗೋವಾದ ಉದಾಹರಣೆ. ಅಲ್ಲಿ ಸಂಗಾತ್ ಎಂಬ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಡಾಕ್ಟರೂ ನರ್ಸೂ ಅಲ್ಲದ ಸಾಧಾರಣ ಜನರಿಗೆ ತರಬೇತಿ ಕೊಟ್ಟು, ಹೆಚ್ಚು ಕುಡಿಯುವ ಗಂಡಸರ ಜೊತೆ ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತಾಡಿಸಿದರು. ಮೂರು ತಿಂಗಳಿಗೆ ಅಪಾಯದ ಮಟ್ಟದಿಂದ ಕೆಳಗಿಳಿದವರು ಆ ಮಾತುಕತೆ ಸಿಕ್ಕವರಲ್ಲಿ ನೂರಕ್ಕೆ 36, ಸಿಗದವರಲ್ಲಿ 26. ಇದು 2017ರ ಲ್ಯಾನ್ಸೆಟ್‌ನಲ್ಲಿ ಬಂದಿದೆ. ಪವಾಡ ಅಲ್ಲ. ಆದರೆ ನೂರರಲ್ಲಿ ಆ ಹತ್ತು ಜನ ಹತ್ತು ಮನೆಯವರು.

ಈಗ ಹೃದಯದ ಡಾಕ್ಟರಾಗಿ ನಾನು ಹೇಳಲೇಬೇಕಾದ್ದು. ಇದನ್ನು ದಯವಿಟ್ಟು ಎರಡು ಸಲ ಓದಿ.

ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತದೆ, ಬೆವರುತ್ತದೆ, ಸ್ವಲ್ಪ ಕುಡಿದರೆ ನಿಲ್ಲುತ್ತದೆ. ಇಂಥವರಿಗೆ "ಇವತ್ತಿನಿಂದ ಒಂದು ಹನಿ ಮುಟ್ಟಬ್ಯಾಡ್ರಿ" ಎಂದು ಮನೆಯಲ್ಲೇ ಹಟ ಹಿಡಿಯಬೇಡಿ, ರೂಮಿನಲ್ಲಿ ಕೂಡಿ ಹಾಕಬೇಡಿ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಬುದ್ಧಿ ತಪ್ಪಿ, ಇಲ್ಲದ್ದು ಕಾಣಿಸಿ, ಜ್ವರ ಬಂದು, ಎದೆಬಡಿತ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಇದರಿಂದ ಪ್ರಾಣ ಹೋಗುತ್ತದೆ. ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ನಿಲ್ಲಿಸಿದರೆ ತಡೆಯಬಹುದು. ಮನೆಯಲ್ಲಿ ಹೀಗಾದರೆ 108ಕ್ಕೆ ಫೋನು ಮಾಡಿ. ಗಲ್ಲಿಯ ಆರ್‌ಎಂಪಿ ಹತ್ತಿರ ಬರೀ ಗ್ಲೂಕೋಸ್ ಏರಿಸಿಕೊಂಡು ಬರಬೇಡಿ. ಬಹಳ ಕುಡಿಯುವವರಿಗೆ ಬಿ1 ವಿಟಮಿನ್ ಕೊಡದೆ ಗ್ಲೂಕೋಸ್ ಕೊಟ್ಟರೆ ಮಿದುಳಿಗೆ ಪೆಟ್ಟು ಬೀಳಬಹುದು.

ಇಲ್ಲಿ ಅಯ್ಯಪ್ಪ ಮಾಲೆಯ ಮಾತು ಬರುತ್ತದೆ. ಹೈದರಾಬಾದಿನಲ್ಲಿ ಕಾರ್ತೀಕ ಬಂದರೆ ಬೀದಿ ತುಂಬ ಕಪ್ಪು ಬಟ್ಟೆ. ನಮ್ಮವರೂ ಹಾಕುತ್ತಾರೆ, 41 ದಿನ ಮುಟ್ಟುವುದಿಲ್ಲ. ಕುಡಿತ ಬಿಡಿಸಲೆಂದೇ ಮನೆಯವರು ಮಾಲೆ ಹಾಕಿಸುವುದೂ ಉಂಟು. ನನಗೆ ಮಾಲೆಯ ಮೇಲೆ ಗೌರವ ಇದೆ, ಅದಕ್ಕೇ ಎರಡು ಮಾತು. ದಿನಾ ಕುಡಿಯುವವರಾದರೆ ಮಾಲೆ ಹಾಕುವ ಒಂದೆರಡು ವಾರ ಮುಂಚೆಯೇ ಡಾಕ್ಟರನ್ನು ನೋಡಿ, ಮೇಲೆ ಹೇಳಿದ ಅಪಾಯ ಮಾಲೆ ಹಾಕಿದವರಿಗೂ ಇದೆ. ಎರಡನೆಯದು, ಮಾಲೆ ತೆಗೆದ ಸಂಜೆಯೇ ಬಾಟಲಿ ತೆಗೆದರೆಂದು "ಎಲ್ಲಾ ನಾಟಕ" ಎನ್ನಬೇಡಿ. "41 ದಿನ ಇದ್ರಿ. ಆ ದಿನಗಳಾಗ ನಿದ್ದಿ ಹ್ಯಾಂಗ ಬರ್ತಿತ್ತು? ಯಾವ ಹೊತ್ತು ಕಷ್ಟ ಆಗ್ತಿತ್ತು?" ಎಂದು ಕೇಳಿ. ಆ 41 ದಿನ ಅವರದೇ ಸಾಕ್ಷಿ.

ಸೇಂದಿ ಕುಡಿಯುವವರ ಮನೆಯವರಿಗೆ ಇನ್ನೊಂದು ಎಚ್ಚರಿಕೆ. "ಸೇಂದಿ ಮರದ ರಸ, ತಂಪು" ಎನ್ನುವ ಕಾಲ ಹೋಯಿತು. ಇಲ್ಲಿಯ ಎಷ್ಟೋ ಕಲ್ಲು ಕಾಂಪೌಂಡುಗಳಲ್ಲಿ ಕೊಡುವುದರಲ್ಲಿ ಆಲ್ಪ್ರಜೋಲಂನಂಥ ನಿದ್ದೆ ಮಾತ್ರೆ ಬೆರೆತಿರುತ್ತದೆ. ರಾಯಚೂರಿನವರಿಗೆ ಸಿ.ಎಚ್. ಪೌಡರ್ ಹೆಸರು ಹೊಸದಲ್ಲ. 2025ರ ಜುಲೈನಲ್ಲಿ ಕೂಕಟ್‌ಪಲ್ಲಿ ಕಡೆ ಕಲಬೆರಕೆ ಸೇಂದಿ ಕುಡಿದು ಜನ ಸತ್ತದ್ದು ನೆನಪಿರಬಹುದು. ಇದನ್ನು ಒಮ್ಮೆಲೇ ಬಿಟ್ಟರೂ ಫಿಟ್ಸ್ ಬರುತ್ತದೆ. ಡಾಕ್ಟರಿಗೆ "ಸೇಂದಿ" ಎಂದೇ ಹೇಳಿ, ಮರ್ಯಾದೆಗೆ "ಬಿಯರ್" ಎನ್ನಬೇಡಿ, ಚಿಕಿತ್ಸೆ ಬೇರೆ.

ಇನ್ನು ಆ ಪುಡಿ. "ಅವರಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ, ಹದಿನೈದು ದಿನದಲ್ಲಿ ಕುಡಿತ ಬಂದ್" ಎಂಬ ಜಾಹೀರಾತು ಇದೇ ಫೋನಿನಲ್ಲಿ ನಿಮಗೂ ಬಂದಿರುತ್ತದೆ. ಕೈ ಮುಗಿದು ಕೇಳುತ್ತೇನೆ, ತರಿಸಬೇಡಿ. ಅದರಲ್ಲಿ ಏನಿದೆ ಎಂದು ಮಾರುವವನೂ ಹೇಳುವುದಿಲ್ಲ. ಡೈಸಲ್ಫಿರಾಂ ಎಂಬ ನಿಜವಾದ ಮಾತ್ರೆ ಇದೆ, ನಾವೇ ಬರೆಯುತ್ತೇವೆ. ಆದರೆ ತೆಗೆದುಕೊಳ್ಳುವವರಿಗೆ ಗೊತ್ತಿದ್ದು, ಒಪ್ಪಿ, ಹೃದಯ ಮತ್ತು ಲಿವರ್ ನೋಡಿದ ಮೇಲೆ ಮಾತ್ರ. ಅದು ಹೊಟ್ಟೆಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿ.ಪಿ. ಕುಸಿದು, ಎದೆಬಡಿತ ಹದ ತಪ್ಪುತ್ತದೆ. ಹೃದಯ ದುರ್ಬಲ ಇದ್ದವರು ಉಳಿಯದೆಯೂ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಇದರ ಪ್ರಭಾವ ಇರುತ್ತದೆ. ಪ್ರಾಣದ ಮಾತು ಪಕ್ಕಕ್ಕಿಡಿ. ಊಟದಲ್ಲಿ ಏನೋ ಬೆರೆಸಿದ್ದಾಳೆ ಎಂದು ಒಮ್ಮೆ ಗೊತ್ತಾದರೆ ಆ ಮನೆಯಲ್ಲಿ ಮತ್ತೆ ಮಾತು ಹುಟ್ಟುತ್ತದೆಯೇ?

ಹೃದಯದ ಲೆಕ್ಕ ಕೇಳುವವರಿಗೆ ಚಿಕ್ಕದಾಗಿ. 180 ಮಿಲಿಯ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್. ದಿನಕ್ಕೆ 80 ಗ್ರಾಂ, ಅಂದರೆ ಕ್ವಾರ್ಟರಿನ ಮೇಲೆ ಎರಡು ಪೆಗ್, ಐದು ವರ್ಷಕ್ಕಿಂತ ಹೆಚ್ಚು ನಡೆದರೆ ಹೃದಯದ ಸ್ನಾಯು ಹಿಗ್ಗಿ ದುರ್ಬಲ ಆಗುವ ಅಪಾಯ ಬಹಳ. ಒಂದೇ ರಾತ್ರಿ ಮಿತಿಮೀರಿದರೂ ಬಡಿತದ ಲಯ ತಪ್ಪಬಹುದು. ಆ ಯಾದಗಿರಿಯವರಿಗೆ ಆದದ್ದು ಅದೇ. ದಿನಾ ಒಂದು ಪೆಗ್ ಹೃದಯಕ್ಕೆ ಒಳ್ಳೆಯದು ಎನ್ನುವ ಫಾರ್ವರ್ಡ್ ಬಂದರೆ ಡಿಲೀಟ್ ಮಾಡಿ. ಯಾವ ಪ್ರಮಾಣವೂ ಸುರಕ್ಷಿತ ಅಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಆದರೆ ನಾನು ರೋಗಿಗೆ ಹೇಳುವುದು ಇದರ ಇನ್ನೊಂದು ಬದಿ: ಬಿಟ್ಟರೆ ಹಿಗ್ಗಿದ ಹೃದಯ ಕೆಲವೇ ತಿಂಗಳಲ್ಲಿ ಎಷ್ಟೋ ಸುಧಾರಿಸುವುದನ್ನು ಎಕೋದಲ್ಲಿ ಕಣ್ಣಾರೆ ನೋಡಿದ್ದೇನೆ. ಎಲ್ಲರಿಗೂ ಅಲ್ಲ, ಬಹಳ ಜನಕ್ಕೆ.

ಮೆತ್ತಗೆ ಮಾತಾಡಿ ಎಂದರೆ ಎಲ್ಲ ಸಹಿಸಿಕೊಳ್ಳಿ ಎಂದಲ್ಲ. ಇದನ್ನು ಬೇಕೆಂದೇ ಗಟ್ಟಿಯಾಗಿ ಬರೆಯುತ್ತಿದ್ದೇನೆ. ಕೈ ಎತ್ತಿದರೆ, ಮಕ್ಕಳ ಮೇಲೆ ಹೋದರೆ, ಅದು ಮಾತಿನ ಹೊತ್ತಲ್ಲ. ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ, 112ಕ್ಕೋ ಹೆಂಗಸರ 181ಕ್ಕೋ ಫೋನು ಮಾಡಿ. ಫ್ಯಾಕ್ಟರಿಗೆ ಫೋನು ಮಾಡಿ "ಜ್ವರ ಅದ" ಎಂದು ನೀವು ಸುಳ್ಳು ಹೇಳಬೇಡಿ, ಅವರೇ ಹೇಳಿಕೊಳ್ಳಲಿ. ಬಾಟಲಿಗೆಂದು ಮಾಡಿದ ಸಾಲ ನಿಮ್ಮ ಕಿವಿಯೋಲೆ ಮಾರಿ ತೀರಿಸಬೇಡಿ. ಇದನ್ನೂ ಬೆಳಗಿನ ಹೊತ್ತು, ಸಿಟ್ಟಿಲ್ಲದೆ ಮೊದಲೇ ಹೇಳಿಡಬಹುದು: "ನಿಮ್ಮ ಜೋಡಿ ಆಸ್ಪತ್ರಿಗೆ ಎಷ್ಟು ಸಲ ಬೇಕಾದ್ರೂ ಬರ್ತೀನಿ. ಸೂಪರ್‌ವೈಸರಗೆ ಸುಳ್ಳು ಹೇಳೂದು ನನ್ನ ಕೈಲಿ ಆಗಂಗಿಲ್ಲ."

ಎಲ್ಲಿಗೆ ಹೋಗಬೇಕು? ಇಎಸ್‌ಐ ಕಾರ್ಡ್ ಇದ್ದರೆ ನಾಚಾರಂ ಇಎಸ್‌ಐ ಆಸ್ಪತ್ರೆಯಲ್ಲಿ ಮೊದಲು ಫಿಜಿಶಿಯನ್ ನೋಡಿ. ಎರ್ರಗಡ್ಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಕುಡಿತ ಬಿಡಿಸುವ ಚಿಕಿತ್ಸೆ ಇದೆ. ಗೊತ್ತು, ಊರಲ್ಲಿ ನಾವು "ಧಾರವಾಡಕ್ಕ ಕಳಸ್ತೀನಿ" ಎಂದು ನಗುವ ಹಾಗೆ ಇಲ್ಲಿಯವರು ಎರ್ರಗಡ್ಡದ ಹೆಸರು ಹೇಳಿ ನಗುತ್ತಾರೆ. ಅದಕ್ಕೇ ಜಗಳದಲ್ಲಿ ಆ ಹೆಸರು ಬೆದರಿಕೆಗೆ ಬಳಸಬೇಡಿ. ನಾಳೆ ಚಿಕಿತ್ಸೆಗೆಂದು ಅಲ್ಲಿಗೇ ಕರೆದೊಯ್ಯಬೇಕಾಗಬಹುದು. ರಾತ್ರಿ ವ್ಯಾನು ಕಳಿಸಿ ಕೈಕಾಲು ಕಟ್ಟಿ ಎತ್ತಿಕೊಂಡು ಹೋಗುತ್ತೇವೆ ಎನ್ನುವ ಖಾಸಗಿ ಸೆಂಟರುಗಳಿಂದ ದೂರ ಇರಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿದೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಫೋನಿನಲ್ಲಿ ಮೊದಲು ವಿಚಾರಿಸಬೇಕೆಂದರೆ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡಬಹುದು. ವ್ಯಸನಮುಕ್ತಿಗೆಂದೇ ಇರುವ ಸಹಾಯವಾಣಿ 14446. ಎರಡಕ್ಕೂ ದುಡ್ಡಿಲ್ಲ. ಕುಡಿಯುವವರೇ ಮಾಡಬೇಕೆಂದಿಲ್ಲ, ನೀವೂ ಮಾಡಬಹುದು.

ಕಾಕಾನ ಕಥೆ ಏನಾಯಿತು ಎಂದು ಕೇಳುತ್ತೀರಿ. ಕಾಕು ಹಾಗೆ ಹೇಳಿದ ಮೂರನೆಯ ವಾರ ಅವರೇ ನನಗೆ ಫೋನು ಮಾಡಿದರು, ಎರಡು ವರ್ಷದ ಮೇಲೆ. "ರಿಪೋರ್ಟ್ ಓದಂಗಿಲ್ಲ ಅಂದ್ರ ಬರ್ತೀನಿ" ಎಂದರು. ಬಿಟ್ಟರು, ಎರಡು ಸಲ ಮತ್ತೆ ಜಾರಿದರು, ಮತ್ತೆ ಬಿಟ್ಟರು. ಈಗ ಕಲಬುರಗಿಯಲ್ಲೇ ಇದ್ದಾರೆ. ನಾನು ಆ ದಸರೆಯ ಬಗ್ಗೆ ಕ್ಷಮೆ ಕೇಳಿದ್ದು ಮೊನ್ನೆ ಮೊನ್ನೆ, ಅಷ್ಟು ತಡ ಮಾಡಿದೆ.

ಆ ಯಾದಗಿರಿಯ ತಾಯಿ ಹೋದ ಭಾನುವಾರ ಮೆಸೇಜ್ ಕಳಿಸಿದ್ದರು. "ಮುಂಜಾನೆ ಮಾತಾಡ್ದೆ ಡಾಕ್ಟ್ರೇ. ಏನೂ ಅನ್ನಲಿಲ್ಲ. ಚಾ ಕುಡದು ಸುಮ್ಮನ ಕುಂತ್ರು. ಆಮ್ಯಾಲ ಬುಧವಾರ ಎಷ್ಟು ಗಂಟಿಗೆ ಇರ್ತಾರ ಅವರು ಅಂತ ಕೇಳಿದ್ರು." ಏಳು ಗಂಟೆಗೆ ಬನ್ನಿ ಎಂದು ಬರೆದಿದ್ದೇನೆ.

— ಹೃದ್ರೋಗ ತಜ್ಞರು, ಎಂ.ಡಿ., ನಾಚಾರಂ, ಹೈದರಾಬಾದ್